ಇನಾಯತರು ತಪ್ಪು ಹೇಳಿದ ಪಿಕ್ಚರ್

ಹಾನಗಲ್ಲಿನಿಂದ ಹಿರೇಕೆರೂರಿನವರೆಗೆ ಸವಣೂರಿನ ಇನಾಯತರ ಮುಖ ನೋಡದವರು ಬೇಕಾದಷ್ಟು ಮಂದಿ ಇದ್ದಾರು. ಅವರ ದನಿ ಕೇಳದವರು ಸಿಗುವುದು ಕಷ್ಟ. ಆಟೋದ ಮೇಲೆ ಎರಡು ಸ್ಪೀಕರ್ ಕಟ್ಟಿಕೊಂಡು ಪೋಲಿಯೋ ಹನಿಯ ದಿನವನ್ನೂ, ಕರೆಂಟು ಹೋಗುವ ವೇಳೆಯನ್ನೂ, ತಪ್ಪಿಸಿಕೊಂಡ ಎಮ್ಮೆಯ ಕೊಂಬಿನ ಗುರುತನ್ನೂ ಊರೂರಿಗೆ ಸಾರಿದವರು ಅವರು. ದೀಪಾವಳಿ ಕಳೆದು ಹೋರಿ ಹಬ್ಬಗಳು ಶುರುವಾದವೆಂದರೆ ಅವರಿಗೆ ಬಿಡುವೇ ಇಲ್ಲ. ಕೊರಳಿಗೆ ಕೊಬ್ಬರಿ ಸರ ಕಟ್ಟಿದ ಹೋರಿಗಳನ್ನು ಅಖಾಡದಲ್ಲಿ ಓಡಲು ಬಿಡುತ್ತಾರೆ. ಹುಡುಗರು ಮೇಲೆ ಬಿದ್ದು ಕೊಬ್ಬರಿ ಹರಿಯಬೇಕು. ಯಾರ ಕೈಗೂ ಸಿಗದೆ ಓಡಿದ ಹೋರಿ ಗೆದ್ದಂತೆ. “ಬಂತ್ರಿ ಬಂತು! ದಾರಿ ಬಿಡ್ರಿ, ಹೋರಿ ಬಂತು!” ಎಂದು ಇನಾಯತರು ಮೈಕಿನಲ್ಲಿ ಕೂಗಿದರೆ, ಹೋರಿ ಇನ್ನೂ ಬಿಡದಿದ್ದರೂ ಜನ ಎರಡು ಹೆಜ್ಜೆ ಹಿಂದೆ ಸರಿಯುತ್ತಿದ್ದರು.

ಈಗ ಅವರಿಗೆ ಎಪ್ಪತ್ತೆರಡು. ಹಲ್ಲು ನಾಲ್ಕು ಹೋಗಿವೆ, ದನಿ ಹೋಗಿಲ್ಲ. ಆ ದನಿಯನ್ನು ಹುಡುಕಿಕೊಂಡೇ ಕಳೆದ ಆಷಾಢದಲ್ಲಿ ಶಿಗ್ಗಾಂವಿಯ ಕಾಲೇಜೊಂದರಿಂದ ನೀಲಾಂಬಿಕಾ ಮೇಡಂ ಅವರ ಮನೆಗೆ ಬಂದರು. ಇನಾಯತರ ಮೊಮ್ಮಗಳು ನಿಖತ ಅದೇ ಕಾಲೇಜಿನಲ್ಲಿ ಬಿ.ಎ. ಓದುತ್ತಿದ್ದಾಳೆ. ಮೇಡಂ ಹುಡುಗರಿಗಾಗಿ ಹಳೆಯ ಸಿನಿಮಾ ತೋರಿಸುವ ಸಂಘ ಕಟ್ಟಿದ್ದರು.

“ಮಾಮಾ, ಆ ಜಪಾನಿನ ಪ್ರಾಣಿ ಪಿಕ್ಚರ್ ಸಿಕ್ಕೈತ್ರಿ. ಟೆಂಟಿನ್ಯಾಗ ನೀವು ಹೇಳಿದ್ರಂತಲ್ರಿ, ನಮ್ಮಪ್ಪ ಇವತ್ತಿಗೂ ನೆನಿಸ್ಕೊಂಡು ನಗ್ತಾನ. ಹುಡುಗೂರ ಮುಂದ ಅದನ್ನ ಹಂಗ ಹೇಳಬೇಕ್ರಿ ನೀವು.”

ಇನಾಯತರಿಗೆ ಬಲು ಸಂತೋಷವಾಯಿತು. “ಅದಕ್ಕೇನ್ರಿ ಮೇಡಂ, ಹೋರಿ ಪಿಕ್ಚರಲ್ಲ? ಬಾಯಿಪಾಠ ಐತಿ,” ಎಂದು ಕೂತಲ್ಲಿಯೇ ಎರಡು ಮಾತು ಕೂಗಿ ತೋರಿಸಿದರು. ಓಣಿಯ ನಾಯಿ ಎದ್ದು ಓಡಿತು.

ಅವರ ದನಿ ಪಳಗಿದ್ದು ಟೂರಿಂಗ್ ಟಾಕೀಸಿನಲ್ಲಿ. ಸುಗ್ಗಿ ಮುಗಿದು ಹೊಲಗಳು ಬರಿದಾದ ಮೇಲೆ ಮೈಲಾರಿ ಎಂಬವರ ಟೆಂಟು ಒಂದೊಂದು ಊರಿನಲ್ಲಿ ಎರಡೆರಡು ತಿಂಗಳು ನಿಲ್ಲುತ್ತಿತ್ತು. ಮುಂದೆ ಮಣ್ಣಿನ ಕ್ಲಾಸು, ಹಿಂದೆ ಬೆಂಚಿನ ಕ್ಲಾಸು. ಇನಾಯತರು ಆಗ ಇಪ್ಪತ್ತೊಂದರ ತರುಣ. ಮಷೀನು ನಡೆಸುವ ಆಪರೇಟರು. ಹೊರದೇಶದ ಪಿಕ್ಚರು ಬಂದರೆ ಅದರ ಮಾತು ಯಾರಿಗೂ ತಿಳಿಯದು. ಆದ್ದರಿಂದ ಮೈಲಾರಿ ಅವರ ಕೈಗೊಂದು ಮೈಕು ಕೊಟ್ಟಿದ್ದರು. ಪರದೆಯ ಮೇಲಿನ ತುಟಿಗಳು ಅಲುಗಾಡಿದಾಗಲೆಲ್ಲ ಇನಾಯತರು ಕನ್ನಡದಲ್ಲಿ ಮಾತು ಹೊಸೆಯಬೇಕು. ಅವರಿಗೂ ಆ ಭಾಷೆ ಬಾರದು. ತಮಗೆ ತೋಚಿದ್ದೇ ಕಥೆ. “ಖರೆ ಖೊಟ್ಟಿ ಯಾರ್ ಕೇಳ್ತಾರೋ? ಪಬ್ಲಿಕ್ ನಗಬೇಕು ನೋಡು,” ಎಂಬುದು ಮೈಲಾರಿಯವರ ಪಾಠ.

ಹೀಗೆ ಒಂದು ವರ್ಷ ಟೆಂಟು ಚಿಕ್ಕೇರೂರಿನಲ್ಲಿದ್ದಾಗ ಹುಬ್ಬಳ್ಳಿಯಿಂದ ಆ ಕಪ್ಪು ಬಿಳುಪಿನ ಜಪಾನಿ ಪಿಕ್ಚರು ಬಂತು. ಸಮುದ್ರದ ತಳದಿಂದ ಗುಡ್ಡದಂಥ ಪ್ರಾಣಿಯೊಂದು ಎದ್ದು ಬಂದು ಊರನ್ನು ತುಳಿಯುತ್ತದೆ, ಜನ ಓಡುತ್ತಾರೆ. ಅಷ್ಟು ನೋಡಿದ್ದೇ ತಡ, ಇನಾಯತರಿಗೆ ಹೋರಿ ಹಬ್ಬ ನೆನಪಾಯಿತು. ಪ್ರಾಣಿ ಅಕ್ಕಿಆಲೂರಿನ ಹೋರಿಯಾಯಿತು. ಓಡುವ ಜಪಾನಿಗಳು ಕೊಬ್ಬರಿ ಹರಿಯಲು ಬಂದ ಹುಡುಗರಾದರು. “ಬಾಲಾ ಹಿಡೀಬ್ಯಾಡೋ ತಮ್ಮಾ, ನಿಮ್ಮವ್ವಗ ಏನ್ ಹೇಳ್ಲೋ!” ಎಂದರೆ ಟೆಂಟಿನ ತಗಡು ಹಾರುವಷ್ಟು ನಗೆ. ಹದಿನೇಳು ದಿನ ಪಿಕ್ಚರು ಓಡಿತು. ಸುತ್ತಲಿನ ಹಳ್ಳಿಗಳಿಂದ ಚಕ್ಕಡಿ ಕಟ್ಟಿಕೊಂಡು ಬಂದರು.

ಈ ಕಥೆಯನ್ನು ಇನಾಯತರು ಐವತ್ತು ವರ್ಷ ಎಷ್ಟೋ ಸಲ ಹೇಳಿದ್ದಾರೆ. ಹೇಳುವಾಗ ಒಂದು ಸಂಜೆಯನ್ನು ಮಾತ್ರ ಸ್ವಲ್ಪ ಬೇಗ ದಾಟಿಬಿಡುತ್ತಿದ್ದರು.

ಆಗಸ್ಟಿನ ಮೊದಲ ಭಾನುವಾರ ನಿಖತ ಲ್ಯಾಪ್‌ಟಾಪು ತಂದು ಅಜ್ಜನ ಮುಂದಿಟ್ಟಳು. ಈಗಿನ ಪ್ರತಿಯಲ್ಲಿ ಚಿತ್ರದ ಕೆಳಗೆ ಇಂಗ್ಲಿಷಿನಲ್ಲಿ ಮಾತು ಬರೆದು ಬರುತ್ತದೆ. ಅಜ್ಜನಿಗೆ ಇಂಗ್ಲಿಷು ಬಾರದು. ಅವಳು ಓದಿ ಓದಿ ಕನ್ನಡದಲ್ಲಿ ಹೇಳತೊಡಗಿದಳು. ಮನೆಯ ಮಾತು ಉರ್ದು, ಆದರೆ ಮೈಕಿನ ಕೆಲಸವೆಂದರೆ ಅಜ್ಜ ಮೊಮ್ಮಗಳಿಬ್ಬರೂ ಕನ್ನಡಕ್ಕೆ ಹೊರಳುವುದು ರೂಢಿ.

ಮೊದಲು ಇನಾಯತರು ನಡುವೆ ಬಾಯಿ ಹಾಕುತ್ತ ನಗಿಸುತ್ತಿದ್ದರು. ಬರಬರುತ್ತ ಲ್ಯಾಪ್‌ಟಾಪಿನ ಹತ್ತಿರಕ್ಕೆ ಸರಿದು ಕೂತರು. ಪ್ರಾಣಿಯ ಬೆನ್ನ ತುಂಬ ಗುಳ್ಳೆಗಳಿವೆ. ಇನಾಯತರು ಅದನ್ನು ಹೋರಿಯ ಬೆನ್ನಿಗೆ ಹೊದಿಸಿದ ಜೂಲವೆಂದಿದ್ದರು. ಅದು ಜೂಲವಲ್ಲ, ಸಮುದ್ರದಲ್ಲಿ ಬಾಂಬು ಹಾರಿಸಿ ನೋಡಿದಾಗ ಸುಟ್ಟ ಗಾಯ. ಬಿಳಿ ಬಟ್ಟೆ ತೊಟ್ಟವರು ಸಾಲಾಗಿ ಮಲಗಿದ್ದಾರೆ. ಮದುವೆಯ ಊಟ ಮಾಡಿ ಮಲಗಿದ ಬೀಗರೆಂದು ಇನಾಯತರು ಹೇಳಿದ್ದರು. ಅದು ಆಸ್ಪತ್ರೆ.

ಆಮೇಲೆ ಆ ಮುದುಕಿ ಬಂದಳು. ಎಲ್ಲರೂ ಓಡುತ್ತಿರುವಾಗ ಮನೆಯ ಹೊಸ್ತಿಲಲ್ಲಿ ಕೂತೇ ಇದ್ದಾಳೆ. ನೆರೆಯ ಹೆಂಗಸು ಕೈ ಹಿಡಿದು ಎಳೆಯುತ್ತಾಳೆ. ಮುದುಕಿ ಕೈ ಬಿಡಿಸಿಕೊಂಡು ಏನೋ ಹೇಳುತ್ತಾಳೆ.

ಟೆಂಟಿನಲ್ಲಿ ಇನಾಯತರು ಇಲ್ಲಿ ಹೇಳಿದ್ದ ಮಾತು: “ಮೊಣಕಾಲ ನೋವು ಏಳಗೊಡವಲ್ದು ತಂಗೀ, ಎಣ್ಣಿ ತಗೊಂಬಾ, ತಿಕ್ಕು!”

ನಿಖತ ಓದಿದಳು: “ಹೋದ ಸಲ ಓಡಿದ್ದೆ. ಮೂರು ಮಕ್ಕಳ ಕೈ ಹಿಡಕೊಂಡು ಓಡಿದ್ದೆ. ಹೊಳೀ ಮುಟ್ಟಿದಾಕಿ ನಾ ಒಬ್ಬಾಕಿ. ಈ ಸಲ ಓಡಾಂಗಿಲ್ಲ.”

“ಹೋದ ಸಲ ಅಂದ್ರ?” ಎಂದರು ಇನಾಯತರು. “ಪ್ರಾಣಿ ಈಗರ ಬಂದೈತಲ್ಲ?”

“ಹೋದ ಸಲ ಅಂದ್ರ ಲಡಾಯಿ, ದಾದಾ. ವಿಮಾನದಿಂದ ಬಾಂಬ್ ಹಾಕಿ ಊರೂರು ಸುಟ್ಟಿದ್ರಲ್ಲ, ಅದು. ಈ ಪಿಕ್ಚರ್ ತೆಗೆದಾಗ ಅದು ಮುಗಿದು ಹತ್ತು ವರ್ಷನೂ ಆಗಿರಲಿಲ್ಲಂತ. ಪ್ರಾಣಿ ತುಳ್ಯಾಕಂತ ಈ ಸಣ್ಣ ಸಣ್ಣ ಆಟಿಗಿ ಮನಿ ಮಾಡಿದ ಬಡಿಗ್ಯಾರು ಅದಾರಲ್ಲ, ಅವರ ಮನೀನೂ ಸುಟ್ಟಿದ್ವಂತ.”

“ಮತ್ತ ಅದನ್ನ ಸೀದಾ ಹೇಳಬೇಕಿಲ್ಲ? ಈ ಪ್ರಾಣಿ ಯಾಕ ತಂದ್ರು?”

ನಿಖತ ಚಿತ್ರವನ್ನು ನಿಲ್ಲಿಸಿದಳು. “ಬಾಂಬಿಂದ್ ತೋರಸ್ತೇವಿ ಅಂದ್ರ ಸುಟ್ಟ ಊರಿನ ಮಂದಿ ಬರ್ತಾರೇನ್ ದಾದಾ? ಪ್ರಾಣಿ ಅಂದ್ರ ಬರ್ತಾರ. ಬಂದು ಕತ್ತಲಾಗ ಕೂತು ಅಳ್ತಾರ.”

ಇನಾಯತರು ಪರದೆಯನ್ನೇ ನೋಡುತ್ತಿದ್ದರು. “ನಾ ಅಳಗೊಡಲಿಲ್ಲ,” ಎಂದರು.

ದಾಟಿಬಿಡುತ್ತಿದ್ದ ಆ ಸಂಜೆಯನ್ನು ಅಂದು ಮೊಮ್ಮಗಳಿಗೆ ಪೂರ್ತಿ ಹೇಳಿದರು. ಚಿಕ್ಕೇರೂರಿನ ಮಂಜಪ್ಪನೆಂಬ ಸೈನಿಕ, ಎಪ್ಪತ್ತೊಂದರ ಯುದ್ಧದಲ್ಲಿ ಮೂಡಣ ಗಡಿಯಲ್ಲಿದ್ದು ಊರಿಗೆ ಬಂದವನು, ಹೊಸ ಹೆಂಡತಿ ತಿಪ್ಪವ್ವನನ್ನು ಕರೆದುಕೊಂಡು ಪಿಕ್ಚರಿಗೆ ಬಂದಿದ್ದ. ಹೊಸ ಜೋಡಿಯೆಂದು ಬೆಂಚಿನ ಕ್ಲಾಸಿನಲ್ಲಿ ಜಾಗ ಮಾಡಿ ಕೊಟ್ಟಿದ್ದರು. ಮುದುಕಿಯ ಮೊಣಕಾಲಿಗೆ ಟೆಂಟೆಲ್ಲ ನಗುತ್ತಿತ್ತು. ಅಷ್ಟರಲ್ಲಿ ಪರದೆಯಲ್ಲಿ ಸೈರನ್ನು ಕೂಗಿತು. ಮಂಜಪ್ಪ ಹೆಂಡತಿಯನ್ನು ಬೆಂಚಿನಿಂದ ಕೆಳಗೆ ಕೆಡವಿ, ಅವಳ ಮೇಲೆ ಬೋರಲು ಬಿದ್ದುಬಿಟ್ಟ. ಗದ್ದಲವಾಯಿತು. ಇನಾಯತರು ರೀಲು ಬದಲಿಸಲು ಇಟ್ಟುಕೊಂಡ ಬ್ಯಾಟರಿಯ ಬೆಳಕನ್ನು ಅತ್ತ ಬಿಟ್ಟು ಮೈಕಿನಲ್ಲಿ ಕೂಗಿದರು:

“ನೋಡ್ರಪಾ ನೋಡ್ರಿ! ಹೋರಿಗೆ ಅಂಜಿ ನಮ್ಮ ಮಿಲಿಟ್ರಿ ಮಕ್ಕೊಂತು!”

ಅಂದಿನಿಂದ ಅವನಿಗೆ ‘ಮಕ್ಕೊಂಡ ಮಿಲಿಟ್ರಿ’ ಎಂಬ ಹೆಸರು ಅಂಟಿತು. ಸಂತೆಯಲ್ಲಿ ಹುಡುಗರು ಹಿಂದಿನಿಂದ “ಹೋರಿ ಬಂತು!” ಎಂದು ಕೂಗುವರು, ಅವನು ಬೆಚ್ಚುವನು, ಅವರು ನಗುವರು. ಮಂಜಪ್ಪ ಸಂತೆಗೆ ಹೋಗುವುದನ್ನು ಬಿಟ್ಟ, ಮದುವೆಮನೆಗಳನ್ನು ಬಿಟ್ಟ. ಇನಾಯತರ ಆಟೋ ಚಿಕ್ಕೇರೂರಿಗೆ ಹೋದಾಗಲೆಲ್ಲ ಕಟ್ಟೆಯ ಮೇಲೆ ಕೂತಿದ್ದವನು ಎದ್ದು ಒಳಗೆ ಹೋಗುತ್ತಿದ್ದ. ಸಿಟ್ಟಿನ ಮನುಷ್ಯ, ಒಂದು ಚೇಷ್ಟೆಯನ್ನು ಇಷ್ಟು ವರ್ಷ ಹಿಡಿದಿಟ್ಟುಕೊಂಡಿದ್ದಾನೆ ಎಂದೇ ಇನಾಯತರು ತಿಳಿದಿದ್ದರು.

“ಇಡೀ ಟೆಂಟಿನ್ಯಾಗ ಆ ಪಿಕ್ಚರ್ ತಿಳಿದಾಂವ ಅವನೊಬ್ಬನ ನೋಡವಾ,” ಎಂದು ಅವರು ಲ್ಯಾಪ್‌ಟಾಪು ಮುಚ್ಚಿದರು. “ಹೇಳಾಂವಗ ತಿಳಿದಿರ್ಲಿಲ್ಲ.”

ಮರುದಿನ ನೀಲಾಂಬಿಕಾ ಮೇಡಂಗೆ ಫೋನು ಮಾಡಿಸಿ, ಹೋರಿ ಪಿಕ್ಚರು ತಮ್ಮಿಂದ ಆಗದು ಎಂದರು. ಮೇಡಂ ಗಾಬರಿಯಾದರು. ನೋಟೀಸು ಹಚ್ಚಿಯಾಗಿತ್ತು. ಇನಾಯತರು, “ಖರೇದ್ದು ಹೇಳಂದ್ರ ಹೇಳ್ತೇನ್ರಿ. ಅದಕ್ಕೂ ಮೊದಲ ಒಬ್ಬರನ್ನ ಕೇಳಿ ಬರಬೇಕು,” ಎಂದರು.

ಬುಧವಾರ ಬೆಳಿಗ್ಗೆ ಸವಣೂರಿನ ವೀಳ್ಯದೆಲೆಯ ಒಂದು ಕಟ್ಟನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿಕೊಂಡು ಬಸ್ಸು ಹತ್ತಿದರು. ಹಾನಗಲ್ಲಿನಲ್ಲಿ ಇಳಿದು ಚಿಕ್ಕೇರೂರಿನ ಬಸ್ಸಿಗೆ ಮುಕ್ಕಾಲು ತಾಸು ಕಾದರು. ಆಟೋ ತರಬಹುದಿತ್ತು, ತರಲಿಲ್ಲ. ಆಟೋದ ಸದ್ದು ಕೇಳಿದರೆ ಮಂಜಪ್ಪ ಒಳಗೆ ಹೋಗುತ್ತಾನೆಂದು ಅವರಿಗೆ ಗೊತ್ತಿತ್ತು.

ಮಂಜಪ್ಪ ಕಟ್ಟೆಯ ಮೇಲೆ ಕೂತು ಗೋವಿನಜೋಳದ ತೆನೆ ಬಿಡಿಸುತ್ತಿದ್ದ. ಎಪ್ಪತ್ತೇಳಾದರೂ ಬೆನ್ನು ನೆಟ್ಟಗಿತ್ತು. ಬಂದವರನ್ನು ಕಂಡು ತೆನೆ ಕೆಳಗಿಟ್ಟ. ಏಳಲಿಲ್ಲ, ಮೊದಲಿನಂತೆ ಥಟ್ಟನೆ ಎದ್ದುಹೋಗಲು ಕಾಲೂ ಬಿಡವು.

ಬಾಗಿಲಲ್ಲಿ ನಿಂತ ತಿಪ್ಪವ್ವನೇ ಮೊದಲು ಮಾತಾಡಿದಳು. “ಅಬಾಬಾ, ಸಾಬ್ರು! ಮೈಕ್ ಇಲ್ದ ಬಂದೀರಲ್ರಿ. ಯಾರದರ ಎಮ್ಮಿ ಕಳದೈತೇನು?”

“ಎಮ್ಮಿ ಅಲ್ಲ ಯಕ್ಕಾ, ನಂದ ಒಂದು ಕಳದೈತಿ,” ಎಂದು ಇನಾಯತರು ಕಟ್ಟೆಯ ಈ ತುದಿಗೆ ಕೂತರು. ಎಲೆಯ ಕಟ್ಟನ್ನು ನಡುವೆ ಇಟ್ಟರು. ಮಂಜಪ್ಪ ಅದನ್ನು ನೋಡಲಿಲ್ಲ.

“ಮಂಜಪ್ಪಣ್ಣಾ, ಆ ಪಿಕ್ಚರ್ ನಾ ತಪ್ಪು ಹೇಳಿದ್ನಿ. ಮೊದಲಿಂದ ಕಡೀತನ ತಪ್ಪು ಹೇಳಿದ್ನಿ.”

ಮಂಜಪ್ಪ ಮತ್ತೊಂದು ತೆನೆ ತೆಗೆದುಕೊಂಡ.

ಸಾವಿರ ಜನರ ಮುಂದೆ ತಡವರಿಸದವರು ಇಬ್ಬರ ಮುಂದೆ ತಡವರಿಸಿದರು. ಕಡೆಗೆ ತಮಗೆ ಬರುವುದೊಂದೇ ಕೆಲಸ ಮಾಡಿದರು: ಪಿಕ್ಚರನ್ನು ಮೊದಲಿನಿಂದ ಹೇಳತೊಡಗಿದರು. ಕೂಗದೆ, ಮಗ್ಗುಲಲ್ಲಿ ಕೂತವನಿಗೆ ಮಾತ್ರ ಕೇಳುವಷ್ಟು ಸಣ್ಣ ದನಿಯಲ್ಲಿ. ಸಮುದ್ರ, ಬಾಂಬು, ಬೆನ್ನ ಮೇಲಿನ ಸುಟ್ಟ ಗಾಯ, ಸಾಲಾಗಿ ಮಲಗಿದವರು. ತೆನೆ ಬಿಡಿಸುವ ಬೆರಳುಗಳು ನಿಧಾನವಾದವು. ಮುದುಕಿಯ ಮಾತಿಗೆ ಬಂದಾಗ ನಿಖತ ಓದಿದಂತೆಯೇ, ಒಂದು ಅಕ್ಷರ ಬಿಡದೆ, ಹೇಳಿದರು. “ಹೊಳೀ ಮುಟ್ಟಿದಾಕಿ ನಾ ಒಬ್ಬಾಕಿ. ಈ ಸಲ ಓಡಾಂಗಿಲ್ಲ.”

ಬೆರಳು ನಿಂತವು.

“ಹಂಗ ಅಂದ್ಲೇನು?” ಎಂದ ಮಂಜಪ್ಪ. ಐವತ್ತು ವರ್ಷಗಳಲ್ಲಿ ಅವನು ಇನಾಯತರಿಗೆ ಆಡಿದ ಮೊದಲ ಮಾತು ಅದು.

“ಹಂಗ ಅಂದ್ಲು.”

“ನನಗ ಆವತ್ತ ಗೊತ್ತಾತು. ಮಾತು ತಿಳೀಲಿಲ್ಲ. ಆಕಿ ಕೂತಿದ್ದು ತಿಳೀತು.” ಮಂಜಪ್ಪ ಅಂಗಳದ ಕಡೆ ನೋಡುತ್ತ ಹೇಳಿದ. “ಅಲ್ಲೂ ಒಬ್ಬಾಕಿ ಇದ್ಲು. ಹೊಳೀ ದಂಡಿ ಊರು. ನಾ ಸಾಮಾನಿನ ಗಾಡಿ ಡ್ರೈವರ. ಊರು ಖಾಲಿ ಮಾಡಿಸ್ರಿ ಅಂತ ಆರ್ಡರ್ ಬಂತು. ಎಲ್ಲಾರೂ ಎದ್ರು, ಆಕಿ ಏಳಲಿಲ್ಲ. ಮಡಲಾಗ ಮರಾ ಇಟ್ಕೊಂಡು ಅಕ್ಕಿ ಹಸನ ಮಾಡಾಕತ್ತಿದ್ಲು. ಕೈ ಹಿಡಿದು ಎಳದ್ಯಾ. ಅಷ್ಟರಾಗ ವಿಮಾನ ಬಂತು. ನಾ ಮಕ್ಕೊಂಡೆ. ನಮಗ ಕಲಿಸಿದ್ದ ಹಂಗ, ಸದ್ದು ಬಂದ್ರ ಮಕ್ಕೋಬೇಕು. ನಾ ಮಕ್ಕೊಂಡೆ, ಆಕಿ ಕೈ ಬಿಟ್ಟೆ.”

ಮಂಜಪ್ಪ ಕೈಯಲ್ಲಿದ್ದ ತೆನೆಯನ್ನು ರಾಶಿಗೆ ಹಾಕಿದ.

“ಎದ್ದು ನೋಡ್ತೇನಿ, ಮನೀನ ಇರಲಿಲ್ಲ.”

ತಿಪ್ಪವ್ವ ಬಾಗಿಲು ಬಿಟ್ಟು ಮೆಟ್ಟಿಲ ಮೇಲೆ ಕೂತಿದ್ದಳು. “ಅದಕ್ಕ ಏನು ನೀ ಆವತ್ತ ನನ್ನ ಕೈ ಬಿಡಲಿಲ್ಲ?” ಎಂದಳು. “ಹೊಸಾ ಸೀರಿ ತುಂಬ ಮಣ್ಣಾಗಿ ನಾ ಮೂರು ದಿನ ಮಾತಾಡ್ಸಿರಲಿಲ್ಲ ನಿನ್ನ. ನಾಕು ಮಂದ್ಯಾಗ ಮಾನ ಕಳದ ಅಂತ ಅತ್ತಿದ್ನಿ. ಇಷ್ಟು ವರ್ಷ ಬಾಯಿಗೆ ಏನ್ ಹಾಕ್ಕೊಂಡಿದ್ದಿ? ಹೇಳಾಕ ಏನಾಗಿತ್ತು?”

“ಹೇಳಿದ್ರ ಏನ್ ಮಾಡ್ತಿದ್ದಿ?”

“ಬೈತಿದ್ನಿ. ಬೈದು ಸುಮ್ಮಾಗ್ತಿದ್ನಿ.” ಅವಳು ಸೆರಗಿನಿಂದ ಮುಖ ಒರೆಸಿಕೊಂಡು ಚಹಾ ಇಡಲು ಒಳಗೆ ಹೋದಳು. ಒಳಗಿನಿಂದ ಪಾತ್ರೆಗಳ ಸದ್ದು ಬೇಕಾದ್ದಕ್ಕಿಂತ ಹೆಚ್ಚೇ ಕೇಳಿಸಿತು.

ಇನಾಯತರು ಕಾಲೇಜಿನ ವಿಷಯ ಹೇಳಿದರು. ಸ್ವಾತಂತ್ರ್ಯ ದಿನದ ಮರುದಿನ ಬೆಳಿಗ್ಗೆ ಹನ್ನೊಂದಕ್ಕೆ. ನೀವು ಬೇಡವೆಂದರೆ ಪಿಕ್ಚರು ಹೇಳುವುದಿಲ್ಲ. ಹೇಳು ಎಂದರೆ ಖರೆ ಹೇಳುತ್ತೇನೆ. ಬಂದು ಕೇಳಿದರೆ ಇನ್ನೂ ಛಲೋ.

“ಬರಾಂಗಿಲ್ಲ,” ಎಂದ ಮಂಜಪ್ಪ. ಮತ್ತೊಂದು ತೆನೆಗೆ ಕೈ ಹಾಕಿ, “ಕಡೀಕ ಏನಾತು ಅದು? ನಾ ಕಡೀತನ ನೋಡ್ಲಿಲ್ಲಲ್ಲ.”

“ಸಮುದ್ರದಾಗ ಸಾಯತೈತ್ರಿ. ನಾ ಆವತ್ತ ಚಪ್ಪಾಳಿ ಹೊಡಿಸಿದ್ನಿ. ಆದ್ರ ಪಿಕ್ಚರಿನ್ಯಾಗ ಯಾರೂ ಹೊಡ್ಯಾಂಗಿಲ್ಲ. ದಂಡ್ಯಾಗ ಸುಮ್ಮ ನಿಂತು ನೋಡ್ತಾರ.”

ಮಂಜಪ್ಪ ತಲೆಯಾಡಿಸಿದ. ಎಲೆಯ ಕಟ್ಟನ್ನು ಬಿಚ್ಚಿ, ಒಂದೆಲೆ ತೆಗೆದು, ತೊಟ್ಟು ಮುರಿದು ಪಂಚೆಗೆ ಒರೆಸಿದ. “ಹೇಳು. ಆದ್ರ ಆ ಮುದುಕಿ ಬಂದಾಗ ನೀ ಏನೂ ಹೇಳಬ್ಯಾಡ. ಖರೇದ್ದೂ ಹೇಳಬ್ಯಾಡ. ಆಕಿ ದನಿ ಆಕೀದ ಇರ್ಲಿ.”

ಆ ದಿನ ಶಿಗ್ಗಾಂವಿಯ ಕಾಲೇಜಿನ ಸಭಾಭವನ ತುಂಬಿತ್ತು. ಹೋರಿ ಪಿಕ್ಚರೆಂದು ನಗಲು ಸಿದ್ಧರಾಗಿ ಬಂದ ಹುಡುಗರು, ಅವರ ಜೊತೆ ನೆನಪಿಗಾಗಿ ಬಂದ ಕೆಲವು ಅಜ್ಜಂದಿರು. ಇನಾಯತರು ತಮ್ಮದೇ ಸ್ಪೀಕರುಗಳನ್ನು ತಂದು ಕಟ್ಟಿದ್ದರು. ದನಿಯನ್ನು ಏರಿಸಿ ಇಳಿಸುವ ಪೆಟ್ಟಿಗೆಯನ್ನು ತಮ್ಮ ಬಲಗೈಗೆ ಸಿಗುವಂತೆ ಇಟ್ಟುಕೊಂಡಿದ್ದರು. ಪರದೆಯ ಪಕ್ಕದಲ್ಲಿ ಅವರ ಕುರ್ಚಿ. ಚಿತ್ರದ ಕೆಳಗಿನ ಇಂಗ್ಲಿಷ್ ಬರಹವನ್ನು ನಿಖತಳಿಗೆ ಹೇಳಿ ತೆಗೆಸಿದ್ದರು.

ಹನ್ನೊಂದಕ್ಕೆ ಎರಡು ನಿಮಿಷವಿದ್ದಾಗ ಹಿಂದಿನ ಬಾಗಿಲಲ್ಲಿ ತಿಪ್ಪವ್ವ ಕಾಣಿಸಿದಳು. ಅವಳ ಹಿಂದೆ ಇಸ್ತ್ರಿ ಮಾಡಿದ ಬಿಳಿ ಅಂಗಿಯಲ್ಲಿ ಮಂಜಪ್ಪ. ನಿಖತ ಹೋಗಿ ಅವರನ್ನು ಬಾಗಿಲ ಹತ್ತಿರದ ಕೊನೆಯ ಬೆಂಚಿನಲ್ಲಿ ಕೂರಿಸಿದಳು. ಇನಾಯತರು ಕಂಡೂ ಕಾಣದಂತೆ ಮೈಕು ಹಿಡಿದರು.

“ದೀಪ ಎಲ್ಲಾ ತಗೀರಿ. ಮೊಬೈಲೂ ಕಿಸೇದಾಗ ಇಡ್ರಿ. ಎಲ್ಲಾರೂ ಮುಂದ ನೋಡ್ರಿ, ಹಿಂದ ಯಾರೂ ಹೊಳ್ಳಿ ನೋಡಬ್ಯಾಡ್ರಿ. ಈ ಪಿಕ್ಚರ್ ನಾ ಒಂದು ಸಲ ಖೊಟ್ಟಿ ಹೇಳೇನಿ. ಇವತ್ತ ಖರೇ ಹೇಳ್ತೇನಿ.”

ಪಿಕ್ಚರು ಶುರುವಾಯಿತು. ಮೊದಲು ಅಲ್ಲಲ್ಲಿ ನಗೆ ಎದ್ದಿತು. ಆ ರಬ್ಬರಿನ ಪ್ರಾಣಿಗೆ ಈಗಿನ ಮಕ್ಕಳು ನಗದೆ ಇರುತ್ತಾರೆಯೆ? ಇನಾಯತರು ತಡೆಯಲಿಲ್ಲ. ಬೆನ್ನ ಮೇಲಿನದು ಏನೆಂದು ಹೇಳಿದರು. ಆಸ್ಪತ್ರೆಯಲ್ಲಿ ಮಲಗಿದವರು ಯಾರೆಂದು ಹೇಳಿದರು. ನಗೆ ಸಾಲು ಸಾಲಾಗಿ ಕಡಿಮೆಯಾಯಿತು.

ಮುದುಕಿ ಬಂದಳು. ಇನಾಯತರು ಮೈಕನ್ನು ತೊಡೆಯ ಮೇಲೆ ಬೋರಲು ಹಾಕಿದರು. ಅವಳು ತನ್ನ ಭಾಷೆಯಲ್ಲಿ ಹೇಳುವುದನ್ನು ಹೇಳಿದಳು. ಯಾರಿಗೂ ಅರ್ಥವಾಗಲಿಲ್ಲ, ಯಾರೂ ಮಿಸುಕಲಿಲ್ಲ.

ಮುಂದಿನದು ಸೈರನ್ನು. ಅದರ ಮಾತನ್ನು ಚಿಕ್ಕೇರೂರಿನಲ್ಲಿ ಮಂಜಪ್ಪ ಎತ್ತಿರಲಿಲ್ಲ, ಇನಾಯತರೂ ಎತ್ತಿರಲಿಲ್ಲ. ಆದರೆ ಐವತ್ತು ವರ್ಷ ಸದ್ದಿನ ಜೊತೆ ಬಾಳಿದವರ ಕೈಗೆ ತನ್ನ ಕೆಲಸ ಗೊತ್ತಿತ್ತು. ಸೈರನ್ನು ಬಾಯಿ ತೆರೆಯುವ ಮೊದಲೇ ಬಲಗೈ ಪೆಟ್ಟಿಗೆಯ ತಿರುಗುಣಿಯನ್ನು ಪೂರ್ತಿ ಇಳಿಸಿತು. ಪರದೆಯ ಮೇಲೆ ಜನ ಸದ್ದಿಲ್ಲದೆ ಓಡಿದರು. ಇನಾಯತರು ಮೈಕನ್ನು ತುಟಿಯ ಹತ್ತಿರಕ್ಕೆ ತಂದು ಮೆಲ್ಲಗೆ ಹೇಳಿದರು: “ಈಗ ಸೈರನ್ ಕೂಗಾಕತ್ತೈತ್ರಿ. ಅದನ್ನ ಕೇಳಿದವರು ಜನ್ಮದಾಗ ಮರಿಯಾಂಗಿಲ್ಲಂತ. ನಾವು ಕೇಳೂದು ಬ್ಯಾಡ.”

ಆ ನಿಶ್ಶಬ್ದದಲ್ಲಿ ಹಿಂದೆ ಎಲ್ಲಿಯೋ ಒಂದು ಬೆಂಚು ಕಿರ್ರೆಂದಿತು. ಇನಾಯತರ ಕುತ್ತಿಗೆ ತಾನಾಗಿಯೇ ಅತ್ತ ಹೊರಳಲು ಹೊರಟಿತು. ಹೊರಳಗೊಡಲಿಲ್ಲ. ಪರದೆಯನ್ನೇ ನೋಡುತ್ತ ಕಥೆ ಮುಂದುವರಿಸಿದರು.

ಪ್ರಾಣಿ ಸತ್ತಾಗ ಯಾರೂ ಚಪ್ಪಾಳೆ ತಟ್ಟಲಿಲ್ಲ.

ದೀಪ ಹಚ್ಚಿದ ಮೇಲೆ ಹುಡುಗರು ಇನಾಯತರನ್ನು ಮುತ್ತಿದರು. ಅವರನ್ನು ದಾಟಿ ಹೊರಗೆ ಬರುವಷ್ಟರಲ್ಲಿ ಮಂಜಪ್ಪ ಗೇಟಿನ ಹತ್ತಿರ ಹೋಗಿ ಹೆದ್ದಾರಿಯ ಬಸ್ಸುಗಳ ಬೋರ್ಡು ಓದುತ್ತ ನಿಂತಿದ್ದ. ತಿಪ್ಪವ್ವ ಮಾತ್ರ ಮೆಟ್ಟಿಲ ಮೇಲೆ ಕಾಯುತ್ತಿದ್ದಳು.

ಇನಾಯತರು ಕೇಳಲೋ ಬೇಡವೋ ಎಂದು ನಿಂತರು.

“ಮಕ್ಕೊಂಡ್ರಿ,” ಎಂದಳು ತಿಪ್ಪವ್ವ ತಾನಾಗಿಯೇ. “ನೀವು ಸದ್ದು ತಗದ್ರೂ ಅವಂಗ ಕೇಳಿಸ್ತು. ನನ್ನ ಎಳಿಯೂದರಾಗ ನಾನ ಮೊದಲ ಮಕ್ಕೊಂಡೆ. ಇಬ್ರೂ ಬೆಂಚಿನ ಕೆಳಗ. ಒಂದು ನರಪಿಳ್ಳಿ ಹೊಳ್ಳಿ ನೋಡ್ಲಿಲ್ಲ. ಆಮ್ಯಾಲೆ ಎದ್ದು ಕೂತು ಕಡೀತನ ನೋಡಿದ್ವಿ.”

ಗೇಟಿನಿಂದ ಮಂಜಪ್ಪ ಕೂಗಿದ: “ಇನಾಯತಾ, ಹಾನಗಲ್ ಬಸ್ಸು ಈ ಕಡೆ ನಿಲ್ತೈತೋ ಆ ಕಡೆನೋ?”

“ಆ ಕಡೆ ಮಂಜಪ್ಪಣ್ಣಾ! ಬಂದೆ, ತಡೀರಿ, ಹತ್ತಸ್ತೇನಿ!” ಎಂದು ಇನಾಯತರು ಮೆಟ್ಟಿಲಿಳಿದರು.

ತಿಪ್ಪವ್ವ ಸೆರಗು ಕೊಡವಿ ನೋಡಿಕೊಂಡು ಹಿಂದೆ ಹೊರಟಳು. “ಕಾಲೇಜಿನ ಫರಸಿ ನೆಲಾ ಛಲೋ ಒರಸ್ಯಾರ ನೋಡ್ರಿ ಸಾಬ್ರ,” ಎಂದಳು. “ಈ ಸಲ ಸೀರಿಗೆ ಒಂದೀಟೂ ಮಣ್ಣು ಹತ್ತಿಲ್ಲ.”